ಒಂದು ಲಕ್ಷ ಡಾಲರ್ ಅಂತ ಬರೆದಿದ್ದರೆ ಸಾಕಾ? ವಿದೇಶಕ್ಕೆ ಹೊರಡುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಆರಿಸುವುದು

ನಮ್ಮಮ್ಮನ ಪಾಲಿಸಿಯನ್ನು ನಾನು ಕೊಂಡಿದ್ದು ದೋಸೆ ಹೋಟೆಲಿನ ಬಾಗಿಲಲ್ಲಿ ನಿಂತು. ಭಾನುವಾರ ಬೆಳಿಗ್ಗೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಭಾನುವಾರ ಎಷ್ಟು ಕಾಯಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಆಗ ಏಜೆಂಟ್ ಫೋನ್ ಬಂತು. "ಒಂದು ಲಕ್ಷ ಡಾಲರ್ ಕವರ್, ಆರು ತಿಂಗಳಿಗೆ. ಈ ರೇಟಿಗೆ ಬೇರೆಲ್ಲೂ ಸಿಗಲ್ಲ. ಒಂದು ಓಟಿಪಿ ಬಂದಿರುತ್ತೆ, ಹೇಳಿಬಿಡಿ." ಹೇಳಿಬಿಟ್ಟೆ. ಅಷ್ಟರಲ್ಲಿ ಒಳಗೆ ಟೇಬಲ್ ಖಾಲಿ ಆಯಿತು.

ಅಮ್ಮ ಹೊರಟಿದ್ದು ನ್ಯೂಜೆರ್ಸಿಗೆ, ತಂಗಿಯ ಬಾಣಂತನಕ್ಕೆ. ವಯಸ್ಸು 66. ಎಂಟು ವರ್ಷದಿಂದ ದಿನಾ ಒಂದು ಬಿಪಿ ಮಾತ್ರೆ. ಹೋಗಿ ಎರಡು ತಿಂಗಳಾಗಿತ್ತು. ಒಂದು ರಾತ್ರಿ ಎದೆ ಹಿಡಿದುಕೊಂಡು ಎದ್ದು ಕೂತರು. ತಂಗಿ ಗಾಬರಿಯಾಗಿ ಎಮರ್ಜೆನ್ಸಿಗೆ ಕರೆದುಕೊಂಡು ಹೋದಳು. ಇಸಿಜಿ, ರಕ್ತ ಪರೀಕ್ಷೆ, ಒಂದು ರಾತ್ರಿ ಅಬ್ಸರ್ವೇಶನ್. ಕೊನೆಗೆ ಗೊತ್ತಾಗಿದ್ದು ಗ್ಯಾಸ್ ಟ್ರಬಲ್. ಬಿಲ್ಲು 6,400 ಡಾಲರ್.

ಕ್ಲೇಮ್ ಹಾಕಿದೆವು. ತಿಂಗಳಾದ ಮೇಲೆ ಪತ್ರ ಬಂತು, ಕೊಡಲಾಗದು ಅಂತ. ಕಾರಣ ಏನು ಗೊತ್ತಾ? ಆಸ್ಪತ್ರೆಯ ನರ್ಸ್ "ಬಿಪಿ ಇದೆಯಾ, ಎಷ್ಟು ವರ್ಷದಿಂದ" ಅಂತ ಕೇಳಿದ್ದಾಳೆ. ಅಮ್ಮ ಪ್ರಾಮಾಣಿಕವಾಗಿ "ಎಂಟು ವರ್ಷ" ಅಂದಿದ್ದಾರೆ. ಅದು ಡಿಸ್ಚಾರ್ಜ್ ಪೇಪರಿನಲ್ಲಿ ಟೈಪ್ ಆಗಿದೆ. ಇತ್ತ ನಮ್ಮ ಪಾಲಿಸಿ ಫಾರಂನಲ್ಲಿ "ಮೊದಲಿನಿಂದ ಇರುವ ಕಾಯಿಲೆ" ಅನ್ನುವ ಕಡೆ "ಇಲ್ಲ" ಅಂತ ಟಿಕ್ ಆಗಿದೆ. ಏಜೆಂಟ್ ನಮ್ಮನ್ನು ಕೇಳಿರಲಿಲ್ಲ. ನಾವೂ ಪಿಡಿಎಫ್ ತೆಗೆದು ನೋಡಿರಲಿಲ್ಲ.

ಮರುವರ್ಷ ಮಾವನವರು ಟೆಕ್ಸಾಸಿಗೆ ಹೊರಟಾಗ ನಾನು ಅಡುಗೆಮನೆ ಟೇಬಲ್ ಮೇಲೆ ನಾಲ್ಕು ಪಾಲಿಸಿಗಳ ಪ್ರಿಂಟ್ ಹರವಿಕೊಂಡು, ಕೆಂಪು ಪೆನ್ ಹಿಡಿದು ಕೂತೆ. ಆ ಒಂದು ವಾರದಲ್ಲಿ ಕಲಿತದ್ದು, ಆಮೇಲೆ ಓಣಿಯವರಿಗೆಲ್ಲ ನೋಡಿಕೊಟ್ಟು ಕಲಿತದ್ದು ಇಲ್ಲಿದೆ. ನಾನು ಏಜೆಂಟ್ ಅಲ್ಲ, ಯಾವ ಕಂಪನಿಯ ಪರವೂ ಇಲ್ಲ.

ಪಾಲಿಸಿಯನ್ನು ಕೆಳಗಿನಿಂದ ಓದಿ

ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಸಮ್ ಇನ್ಶೂರ್ಡ್, ಅಂದರೆ ಕಂಪನಿ ಕೊಡುವ ಒಟ್ಟು ಮೊತ್ತದ ಮಿತಿ. 50 ಸಾವಿರ ಡಾಲರ್, 1 ಲಕ್ಷ, 2.5 ಲಕ್ಷ, 5 ಲಕ್ಷ. ಎಲ್ಲರೂ ಅದನ್ನೇ ನೋಡುತ್ತಾರೆ, ಪಕ್ಕದಲ್ಲಿ ಪ್ರೀಮಿಯಂ ನೋಡುತ್ತಾರೆ, ಮುಗಿಯಿತು. ನಿಜವಾದ ವಿಷಯ ಇರುವುದು ಒಳಗೆ, ಸಣ್ಣ ಅಕ್ಷರದ ಪಟ್ಟಿಯಲ್ಲಿ. ಅದರ ಹೆಸರು ಸಬ್ ಲಿಮಿಟ್. ಒಟ್ಟು ಮೊತ್ತ ಎಷ್ಟೇ ಇರಲಿ, ರೂಮಿಗೆ ದಿನಕ್ಕೆ ಇಷ್ಟೇ, ಸರ್ಜನ್‌ಗೆ ಇಷ್ಟೇ, ಟೆಸ್ಟಿಗೆ ಇಷ್ಟೇ ಅಂತ ಒಳಗೊಳಗೇ ಬೇಲಿ ಹಾಕಿರುತ್ತಾರೆ. 60 ದಾಟಿದವರ ಪಾಲಿಸಿಗಳಲ್ಲಿ ಇದು ಜಾಸ್ತಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಆದರೆ ಪಾಲಿಸಿಗಳಲ್ಲಿ ಲೆಕ್ಕ ನಡೆಯುವುದು ಹೀಗೆಯೇ.

ಅಪೆಂಡಿಕ್ಸ್ ಆಪರೇಶನ್ ಆಯಿತು ಅಂದುಕೊಳ್ಳಿ. ಮೂರು ದಿನ ಆಸ್ಪತ್ರೆ. ರೂಮ್ 12,000 ಡಾಲರ್, ಸರ್ಜರಿ 18,000, ಅನಸ್ತೇಶಿಯಾ 4,000, ಟೆಸ್ಟು 6,000. ಒಟ್ಟು 40,000. ನಿಮ್ಮ ಹತ್ತಿರ ಇರುವುದು 1 ಲಕ್ಷ ಡಾಲರ್ ಪಾಲಿಸಿ. ಆದರೆ ಒಳಗಿನ ಪಟ್ಟಿಯಲ್ಲಿ ರೂಮಿಗೆ ದಿನಕ್ಕೆ 1,200, ಸರ್ಜರಿಗೆ 8,000, ಅನಸ್ತೇಶಿಯಾಕ್ಕೆ ಸರ್ಜರಿ ಹಣದ ಕಾಲು ಭಾಗ, ಟೆಸ್ಟಿಗೆ 1,000 ಅಂತ ಇದೆ. ಕೂಡಿಸಿ: 3,600, 8,000, 2,000, 1,000. ಆಯಿತು 14,600. ಅದರಲ್ಲಿ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಹಾಕಬೇಕಾದ ಪಾಲು, 100 ಹೋದರೆ 14,500. ಉಳಿದ 25,500 ಡಾಲರ್ ಮಗನ ತಲೆ ಮೇಲೆ.

ಈಗ ಇನ್ನೊಬ್ಬರ ಹತ್ತಿರ 50 ಸಾವಿರದ ಪಾಲಿಸಿ ಇದೆ, ಸಬ್ ಲಿಮಿಟ್ ಇಲ್ಲ. ಅದೇ ಆಪರೇಶನ್, ಅದೇ ಬಿಲ್ಲು. ಕಂಪನಿ ಕೊಡುವುದು 39,900. ಅವರ ಕೈಯಿಂದ ಹೋಗುವುದು ಬರೀ ನೂರು ಡಾಲರ್.

ಮಾವನವರ ಮುಂದೆ ಈ ಲೆಕ್ಕ ಬರೆದು ತೋರಿಸಿದೆ. ಅವರು ಎಪಿಎಂಸಿಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳ ಹತ್ತಿ ಅಂತ ತೂಗಿಸಿದವರು. ಒಮ್ಮೆ ನೋಡಿದ ಕೂಡಲೇ "ಹಂಗಾದ್ರೆ ಚೀಲ ದೊಡ್ಡದು, ಒಳಗೆ ಮಾಲು ಕಮ್ಮಿ" ಅಂದರು.

ಡಿಡಕ್ಟಿಬಲ್ ಅಂದರೆ ಪ್ರತಿ ಕ್ಲೇಮಿನಲ್ಲಿ ಮೊದಲು ನಾವು ಹಾಕಬೇಕಾದ ದುಡ್ಡು. ನಮ್ಮ ದೇಶದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 100 ಡಾಲರ್ ಸುತ್ತಮುತ್ತ ಇರುತ್ತದೆ. ಅದನ್ನು ಹೆಚ್ಚು ಮಾಡಿಸಿದರೆ ಪ್ರೀಮಿಯಂ ಇಳಿಯುತ್ತದೆ. ಜ್ವರ-ನೆಗಡಿಗೆಲ್ಲ ಕ್ಲೇಮ್ ಹಾಕುವ ಯೋಚನೆ ಇಲ್ಲ, ದೊಡ್ಡ ಹೊಡೆತಕ್ಕೆ ಮಾತ್ರ ರಕ್ಷಣೆ ಬೇಕು ಅನ್ನುವವರು 500 ಡಾಲರ್ ಡಿಡಕ್ಟಿಬಲ್ ಇಟ್ಟುಕೊಂಡು, ಉಳಿದ ದುಡ್ಡಿನಲ್ಲಿ ಸಬ್ ಲಿಮಿಟ್ ಇಲ್ಲದ ಪಾಲಿಸಿ ತಗೊಳ್ಳಬಹುದು. ನನಗೆ ಇದು ಜಾಣತನ ಅನ್ನಿಸುತ್ತದೆ.

ಬಿಪಿ, ಶುಗರ್ ಇದ್ದರೆ

ಇದೇ ದೊಡ್ಡ ಗಂಟು. ನಮ್ಮ ಊರಲ್ಲಿ 60 ದಾಟಿದವರಲ್ಲಿ ಬಿಪಿ-ಶುಗರ್ ಇಲ್ಲದವರನ್ನು ಹುಡುಕಬೇಕು, ಅಲ್ವಾ?

ಮೊದಲಿನಿಂದ ಇರುವ ಕಾಯಿಲೆಗೆ ಟ್ರಾವೆಲ್ ಪಾಲಿಸಿಗಳು ಮೂರು ಥರ ನಡೆದುಕೊಳ್ಳುತ್ತವೆ. ಕೆಲವು ಪೂರ್ತಿ ಹೊರಗಿಡುತ್ತವೆ, ಒಂದು ಪೈಸೆ ಇಲ್ಲ. ಕೆಲವು, ಪ್ರಾಣಕ್ಕೆ ಅಪಾಯ ಇದ್ದಾಗ ಮಾತ್ರ, ಅದೂ ಒಂದು ಮಿತಿಯ ತನಕ ಕೊಡುತ್ತವೆ. ಇನ್ನು ಕೆಲವು ಹೆಚ್ಚು ಪ್ರೀಮಿಯಂ ತಗೊಂಡು ಅದನ್ನೂ ಸೇರಿಸಿಕೊಳ್ಳುತ್ತವೆ. ಮೂರರಲ್ಲೂ ದಿನದ ಮಾತ್ರೆ, ಮಾಮೂಲಿ ಚೆಕಪ್ ಬರುವುದಿಲ್ಲ. ಮಾತ್ರೆಗಳನ್ನು ಇಲ್ಲಿಂದಲೇ ತಗೊಂಡು ಹೋಗಬೇಕು, ಡಾಕ್ಟರ ಚೀಟಿ ಸಮೇತ. ಚೀಟಿಯಲ್ಲಿ ಕಂಪನಿ ಹೆಸರಷ್ಟೇ ಅಲ್ಲ, ಔಷಧದ ಮೂಲ ಹೆಸರೂ ಇರಲಿ. ನಮ್ಮ ಬ್ರಾಂಡಿನ ಹೆಸರು ಅಲ್ಲಿನವರಿಗೆ ಗೊತ್ತಾಗುವುದಿಲ್ಲ.

ಏನೇ ಆಗಲಿ, ಫಾರಂನಲ್ಲಿ ಇರುವುದನ್ನು ಇದ್ದ ಹಾಗೆ ಬರೆಯಿಸಿ. "ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಸುಮ್ನೆ ಇರಿ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಅಮ್ಮನಿಗೆ ಆಗಿದ್ದು ಗ್ಯಾಸು. ಬಿಪಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಾವು ಎಷ್ಟು ವಾದಿಸಿದರೂ, ಮುಚ್ಚಿಟ್ಟಿದ್ದೀರಿ ಅನ್ನುವ ಒಂದೇ ಮಾತು ಹಿಡಿದು ಕೂತರು.

ನಮ್ಮ ದೇಶದ ಪಾಲಿಸಿಯೋ, ಅಮೆರಿಕದ್ದೋ?

ಅಪ್ಪ-ಅಮ್ಮ ಅಮೆರಿಕಕ್ಕೆ ಹೊರಟ ಮನೆಗಳಲ್ಲಿ ಈ ಚರ್ಚೆ ಇದ್ದೇ ಇರುತ್ತದೆ. ಮಕ್ಕಳು ಅಲ್ಲಿಂದ "ಇಲ್ಲಿನದೇ ತಗೋತೀನಿ" ಅನ್ನುತ್ತಾರೆ. ಇಲ್ಲಿ ಅಪ್ಪ "ನಮ್ಮಲ್ಲಿ ಅರ್ಧ ರೇಟು" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಅರ್ಥ ಇದೆ.

ಅಮೆರಿಕದ ಪ್ರವಾಸಿ ವೀಸಾಕ್ಕೆ ವಿಮೆ ಕಡ್ಡಾಯ ಅಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ, ಎಷ್ಟೋ ಜನ ಇಲ್ಲದೆಯೂ ಹೋಗಿ ಬರುತ್ತಾರೆ. ಅಲ್ಲಿ 1986ರ ಒಂದು ಕಾನೂನಿದೆ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಪರೀಕ್ಷೆ ಮಾಡಿ ಸ್ಥಿತಿ ಹತೋಟಿಗೆ ತರಲೇಬೇಕು. ಇದನ್ನು ಕೇಳಿ ಕೆಲವರು ಅಲ್ಲಿ ಚಿಕಿತ್ಸೆ ಪುಕ್ಕಟೆ ಅಂದುಕೊಂಡಿದ್ದಾರೆ. ಅಲ್ಲ. ಮೊದಲು ನೋಡುತ್ತಾರೆ, ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಅದೂ ಒಂದೇ ಬಿಲ್ಲಲ್ಲ. ಆಸ್ಪತ್ರೆಯದು ಒಂದು, ಡಾಕ್ಟರದು ಒಂದು, ಲ್ಯಾಬಿನದು ಒಂದು, ಆಂಬುಲೆನ್ಸಿನದು ಇನ್ನೊಂದು.

ನಮ್ಮ ದೇಶದ ಕಂಪನಿಯ ಪಾಲಿಸಿಯಲ್ಲಿ ಒಳ್ಳೆಯದು ಏನೆಂದರೆ, ರೇಟು ಕಡಿಮೆ. ಬ್ಯಾಗು, ಪಾಸ್‌ಪೋರ್ಟು, ವಿಮಾನ ತಡ ಆಗುವುದು ಎಲ್ಲ ಒಟ್ಟಿಗೆ ಸೇರಿರುತ್ತದೆ. ಜಗಳ ಬಂದರೆ ಇಲ್ಲೇ ದೂರು ಕೊಡಬಹುದು. ತೊಂದರೆ ಏನೆಂದರೆ, ಸಣ್ಣ ಚಿಕಿತ್ಸೆಗೆ ಮೊದಲು ನಾವೇ ದುಡ್ಡು ಕೊಟ್ಟು ಆಮೇಲೆ ವಾಪಸ್ ಪಡೆಯಬೇಕು. ಕೆಲವು ಅಮೆರಿಕನ್ ಕ್ಲಿನಿಕ್ಕುಗಳ ಕೌಂಟರಿನಲ್ಲಿ ನಮ್ಮ ಪಾಲಿಸಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಇನ್ನೊಂದು, ಇದನ್ನು ದೇಶ ಬಿಡುವ ಮುಂಚೆಯೇ ಕೊಳ್ಳಬೇಕು. ಸಾಮಾನ್ಯವಾಗಿ ಒಂದು ಪ್ರವಾಸಕ್ಕೆ 180 ದಿನದ ತನಕ ಕೊಡುತ್ತಾರೆ. ಜಾಸ್ತಿ ದಿನ ಉಳಿಯುವುದಾದರೆ ಮುಗಿಯುವ ಮುಂಚೆಯೇ ಎಕ್ಸ್‌ಟೆನ್ಶನ್ ಕೇಳಬೇಕು. ಒಂದು ದಿನ ದಾಟಿದರೂ ಆ ಬಾಗಿಲು ಮುಚ್ಚಿತು.

ಅಮೆರಿಕದ ಪಾಲಿಸಿಗಳಲ್ಲಿ ಎರಡು ಜಾತಿ. ಒಂದು ಫಿಕ್ಸ್ಡ್ ಬೆನಿಫಿಟ್. ಪ್ರತಿ ಚಿಕಿತ್ಸೆಗೂ ಇಷ್ಟೇ ಅಂತ ಪಟ್ಟಿ ಇರುತ್ತದೆ. ಮೇಲೆ ಹೇಳಿದ ಸಬ್ ಲಿಮಿಟ್ ಕಥೆಯೇ, ವೇಷ ಬೇರೆ. ಅಗ್ಗ ಅಂತ ಮಕ್ಕಳು ಇದನ್ನೇ ಒತ್ತಿಬಿಡುತ್ತಾರೆ. ಇನ್ನೊಂದು ಕಾಂಪ್ರಹೆನ್ಸಿವ್. ಡಿಡಕ್ಟಿಬಲ್ ಆದಮೇಲೆ ಬಿಲ್ಲಿನ ದೊಡ್ಡ ಭಾಗವನ್ನು ಒಟ್ಟು ಮಿತಿಯ ತನಕ ಕೊಡುತ್ತದೆ. ಪಿಪಿಓ ನೆಟ್‌ವರ್ಕ್ ಇರುತ್ತದೆ, ಅಂದರೆ ಆ ಪಟ್ಟಿಯ ಆಸ್ಪತ್ರೆಗಳಿಗೆ ಹೋದರೆ ಬಿಲ್ಲು ನೇರ ಕಂಪನಿಗೇ ಹೋಗುತ್ತದೆ. ಅಲ್ಲಿ ಇಳಿದ ಮೇಲೂ ಕೊಳ್ಳಬಹುದು. ಮಗನೇ ತನ್ನ ಕಾರ್ಡಿನಲ್ಲಿ ಕೊಡಬಹುದು.

ಅವುಗಳಲ್ಲಿ "ಅಕ್ಯೂಟ್ ಆನ್‌ಸೆಟ್" ಅನ್ನುವ ಮಾತು ಬರುತ್ತದೆ. ಬಿಪಿ-ಶುಗರ್ ಕವರ್ ಆಗುತ್ತೆ ಅಂತ ಇದನ್ನು ತೋರಿಸಿಯೇ ಮಾರುತ್ತಾರೆ. ಅರ್ಥ ಇಷ್ಟು: ಹಳೆಯ ಕಾಯಿಲೆ ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರನೆ ಕೆರಳಿದರೆ, 24 ಗಂಟೆ ಒಳಗೆ ಚಿಕಿತ್ಸೆಗೆ ಹೋದರೆ, ಕೊಡುತ್ತಾರೆ. ನಿಧಾನಕ್ಕೆ ಜಾಸ್ತಿ ಆಗುತ್ತಾ ಬಂದ ಶುಗರ್‌ಗೆ ಕೊಡುವುದಿಲ್ಲ. ಎರಡು ದಿನ ಕಾಲು ನೋವು ಅಂತ ಅಮೃತಾಂಜನ ಹಚ್ಚಿಕೊಂಡು ಕೂತು ಮೂರನೇ ದಿನ ಹೋದರೂ ತಕರಾರು ಬರುತ್ತದೆ. ವಯಸ್ಸಿನ ಮಿತಿಯೂ ಇರುತ್ತದೆ, ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ: 60ರ ಒಳಗಿನವರು, ಮಾತ್ರೆ ಇಲ್ಲದವರು ನಮ್ಮ ದೇಶದ ಸಬ್ ಲಿಮಿಟ್ ಇಲ್ಲದ ಪಾಲಿಸಿ ತಗೊಂಡರೆ ಸಾಕು. 65 ದಾಟಿದವರು, ಬಿಪಿ-ಶುಗರ್ ಇರುವವರು ಅಮೆರಿಕಕ್ಕೆ ಹೋಗುವುದಾದರೆ ದುಡ್ಡು ಜಾಸ್ತಿ ಆದರೂ ಅಲ್ಲಿನ ಕಾಂಪ್ರಹೆನ್ಸಿವ್ ತಗೊಳ್ಳಲಿ. ಮಾವನವರಿಗೆ ನಾವು ಮಾಡಿದ್ದು ಇದನ್ನೇ. ಆದರೆ ಆ ಕಂಪನಿ ಜತೆ ಜಗಳ ಆದರೆ ನಮ್ಮ ಬೆಂಗಳೂರಿನ ಯಾವ ಕಚೇರಿಯೂ ಸಹಾಯಕ್ಕೆ ಬರುವುದಿಲ್ಲ. ಅದನ್ನು ತಿಳಿದೇ ತಗೊಂಡೆವು.

ಯುರೋಪ್, ಕೆನಡಾ, ಇಂಗ್ಲೆಂಡ್: ನಿಯಮವೇ ಬೇರೆ

ಯುರೋಪಿನ ಷೆಂಗೆನ್ ವೀಸಾಕ್ಕೆ ವಿಮೆ ಇಲ್ಲದೆ ಅರ್ಜಿಯನ್ನೇ ತಗೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ಕವರ್ ಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಅಲ್ಲಿನ 29 ದೇಶಗಳಿಗೂ ಅನ್ವಯ ಆಗಬೇಕು, ತುರ್ತು ಚಿಕಿತ್ಸೆ ಮತ್ತು ದೇಶಕ್ಕೆ ವಾಪಸ್ ಕಳಿಸುವ ಖರ್ಚು ಸೇರಿರಬೇಕು. ನಮ್ಮ ಕಂಪನಿಗಳ 50 ಸಾವಿರ ಡಾಲರ್ ಪಾಲಿಸಿ ಇದಕ್ಕೆ ಸಾಕಾಗುತ್ತದೆ. ಬೆಂಗಳೂರಿನ ವೀಸಾ ಕೇಂದ್ರಕ್ಕೆ ರಾತ್ರಿ ಬಸ್ಸಿಗೆ ಹೋಗುವ ಮುಂಚೆ ಒಂದು ನೋಡಿಕೊಳ್ಳಿ. ಪಾಲಿಸಿಯಲ್ಲಿರುವ ಹೆಸರು ಪಾಸ್‌ಪೋರ್ಟಿನ ಹಾಗೇ ಇದೆಯಾ? ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಹಿಂದೆ ಮುಂದೆ ಆಗುವುದು ಮಾಮೂಲು. ಆ ಒಂದು ಅಕ್ಷರಕ್ಕೆ 260 ಕಿಲೋಮೀಟರ್ ವಾಪಸ್ ಬರುವುದು ಬೇಡ.

ವೀಸಾ ಸಿಗದಿದ್ದರೆ? ಪಾಲಿಸಿ ಶುರುವಾಗುವ ದಿನದ ಮುಂಚೆ ತಿಳಿಸಿದರೆ ಎಷ್ಟೋ ಕಂಪನಿಗಳು ಸ್ವಲ್ಪ ಕಡಿತ ಮಾಡಿ ಪ್ರೀಮಿಯಂ ವಾಪಸ್ ಕೊಡುತ್ತವೆ. ಕೊಳ್ಳುವಾಗಲೇ ಇದನ್ನು ಕೇಳಿ.

ಕೆನಡಾದಲ್ಲಿ ಮಕ್ಕಳಿದ್ದು ಸೂಪರ್ ವೀಸಾಕ್ಕೆ (ಅಪ್ಪ-ಅಮ್ಮಂದಿರು ಬಹಳ ದಿನ ಉಳಿಯಲು ಕೊಡುವ ವೀಸಾ) ಹಾಕುವವರಿಗೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ವಿಮೆ ಕಡ್ಡಾಯ, ಕಡಿಮೆ ಅಂದರೂ ಒಂದು ವರ್ಷದ್ದು. ಅಲ್ಲಿನ ನಿಯಮ ಒಪ್ಪುವ ಕಂಪನಿಯದೇ ಆಗಬೇಕು. ಹಾಗಾಗಿ ಇಲ್ಲಿನ ಮಾಮೂಲಿ ಟ್ರಾವೆಲ್ ಪಾಲಿಸಿ ಕೊಂಡು ಕೂತರೆ ಆಗಲ್ಲ.

ಇಂಗ್ಲೆಂಡಿಗೆ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಹೋಗುವವರಿಗೆ ವಿಮೆ ಕಡ್ಡಾಯ ಇಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಅಡ್ಮಿಟ್ ಮಾಡಿಕೊಂಡರೆ ಮೀಟರ್ ಓಡಲು ಶುರು. ಹೊರಗಿನವರಿಗೆ ಮಾಮೂಲು ದರದ ಒಂದೂವರೆ ಪಟ್ಟು.

ಓದಲು ಹೋಗುವ ಮಕ್ಕಳು

ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮುಗಿಸಿ ಎಂಎಸ್‌ಗೆ ಹೊರಡುವ ಮಕ್ಕಳ ಮನೆಯವರು ಸಾಮಾನ್ಯವಾಗಿ ಮಾಡುವ ತಪ್ಪು, ಎರಡೆರಡು ಸಲ ದುಡ್ಡು ಕೊಡುವುದು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮದೇ ವಿಮೆಯನ್ನು ಫೀಸಿನ ಜತೆ ಸೇರಿಸಿಬಿಡುತ್ತವೆ. ನಿಮ್ಮದೇ ಪಾಲಿಸಿ ಇದೆ, ಅದು ಅವರ ನಿಯಮಗಳಿಗೆ ಸರಿಹೊಂದುತ್ತದೆ ಅಂತ ತೋರಿಸಿದರೆ ಕೆಲವು ಕಡೆ ವಿನಾಯಿತಿ ಸಿಗುತ್ತದೆ, ಕೆಲವು ಕಡೆ ಇಲ್ಲ. ಆ ವಿಶ್ವವಿದ್ಯಾಲಯದ ವೆಬ್‌ಸೈಟಿನ ವೇವರ್ (ವಿನಾಯಿತಿ) ಪುಟ ಓದದೆ ಇಲ್ಲಿ ಎರಡು ವರ್ಷದ ಪಾಲಿಸಿ ಕೊಳ್ಳಬೇಡಿ.

ಇಂಗ್ಲೆಂಡಿಗೆ ಓದಲು ಹೋಗುವವರು ವೀಸಾ ಅರ್ಜಿ ಜತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟುತ್ತಾರೆ. ಅದರಲ್ಲಿ ಅಲ್ಲಿನ ಸರ್ಕಾರಿ ಚಿಕಿತ್ಸೆ ಸಿಗುತ್ತದೆ. ಜರ್ಮನಿಯಲ್ಲಿ 30ರ ಒಳಗಿನ ವಿದ್ಯಾರ್ಥಿಗಳು ಅಲ್ಲಿನ ಸಾರ್ವಜನಿಕ ವಿಮೆಗೆ ಸೇರುತ್ತಾರೆ. ಇಲ್ಲಿಂದ ಕೊಳ್ಳಬೇಕಾದ್ದು ಮೊದಲ ಕೆಲವು ವಾರದ್ದು ಮಾತ್ರ. ಆಸ್ಟ್ರೇಲಿಯಾದಲ್ಲಿ ಓಎಸ್‌ಎಚ್‌ಸಿ ಅನ್ನುವ ವಿಮೆ ಇಡೀ ವೀಸಾ ಅವಧಿಗೆ ಇರಬೇಕು.

ಬ್ಯಾಂಕಾಕ್, ಬಾಲಿ, ಬಾಡಿಗೆ ಸ್ಕೂಟರ್

ಮದುವೆ ಆದಮೇಲೆ, ಇಲ್ಲವೇ ಗೆಳೆಯರು ಸೇರಿ ಒಂದು ವಾರ ಥಾಯ್ಲೆಂಡ್, ಬಾಲಿ, ವಿಯೆಟ್ನಾಂ ಅಂತ ಹೋಗುವುದು ಈಗ ನಮ್ಮಲ್ಲೂ ಮಾಮೂಲು. ಇಲ್ಲಿ ಚಿಕಿತ್ಸೆ ಅಮೆರಿಕದಷ್ಟು ದುಬಾರಿ ಅಲ್ಲ, 50 ಸಾವಿರ ಡಾಲರ್ ಪಾಲಿಸಿ ಸಾಕು. ಪ್ರೀಮಿಯಂ ಕೂಡ ಕಡಿಮೆ. ಅಪಾಯ ಇರುವುದು ಎರಡೇ ಕಡೆ: ಸ್ಕೂಟರ್ ಮತ್ತು ಗ್ಲಾಸು.

ಕುಡಿದಿದ್ದಾಗ ಆದ ಗಾಯಕ್ಕೆ ಕೊಡುವುದಿಲ್ಲ ಅಂತ ಹೆಚ್ಚುಕಮ್ಮಿ ಎಲ್ಲ ಪಾಲಿಸಿಯಲ್ಲೂ ಇದೆ. ಆಸ್ಪತ್ರೆ ರಿಪೋರ್ಟಿನಲ್ಲಿ ಆಲ್ಕೋಹಾಲ್ ಅನ್ನುವ ಒಂದು ಪದ ಬಂದರೆ ಮುಗಿಯಿತು. ಸ್ಕೂಟರ್ ವಿಷಯ ಇನ್ನೂ ಸೂಕ್ಷ್ಮ. ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಕ್ಲೇಮ್ ನಿಲ್ಲುವುದಿಲ್ಲ. ನಮ್ಮ ಆರ್‌ಟಿಓ ಕಚೇರಿಯಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಹೋಗುವ ದೇಶ ಅದನ್ನು ಒಪ್ಪುತ್ತದಾ, ಅದರಲ್ಲಿ ಟೂವೀಲರ್ ಸೇರಿದೆಯಾ, ಎರಡನ್ನೂ ನೋಡಿ. ಬರೀ ಕಾರಿನದ್ದು ಇದ್ದರೆ ಪ್ರಯೋಜನ ಇಲ್ಲ.

ಸ್ಕೂಬಾ, ಪ್ಯಾರಾಸೇಲಿಂಗ್, ಬಂಜಿ ಎಲ್ಲ ಅಡ್ವೆಂಚರ್ ಸ್ಪೋರ್ಟ್ಸ್. ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇವು ಹೊರಗೆ, ಬೇಕಾದರೆ ಆಡ್-ಆನ್ ತಗೊಳ್ಳಬೇಕು. ನಮ್ಮ ಚಿತ್ರದುರ್ಗದ ಕೋಟೆ ಹತ್ತಿದ ಧೈರ್ಯದಲ್ಲಿ ಅಲ್ಲಿ ಬಂಡೆ ಹತ್ತಲು ಹೋಗುವವರೂ ಇದನ್ನು ಓದಿಕೊಂಡರೆ ಒಳ್ಳೆಯದು. ಹಾಗೆಯೇ ಗರ್ಭಿಣಿಯ ಚೆಕಪ್, ಹೆರಿಗೆ ಸಾಮಾನ್ಯವಾಗಿ ಕವರ್ ಆಗುವುದಿಲ್ಲ. ಹಲ್ಲಿನದ್ದು, ತಡೆಯಲಾಗದ ನೋವಿನ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಸಣ್ಣ ಮೊತ್ತ.

ಗಲ್ಫ್ ಮತ್ತು ಉಮ್ರಾ

ಹತ್ತನೇ ಕ್ಲಾಸ್ ಪಾಸಾಗದೆ ಗಲ್ಫ್ ಕಡೆ ಕೆಲಸಕ್ಕೆ ಹೊರಡುವವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ಅನುಮತಿ ಬೇಕಾದ ಥರದ್ದು, ಆಗಿರುತ್ತದೆ. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೊಡುವ ಇನ್ನೊಂದು ಪಾಲಿಸಿ ನಾನು ನೋಡಿಲ್ಲ. ಪಾಲಿಸಿ ಪೇಪರಿನ ಒಂದು ಪ್ರತಿ ಮನೆಯಲ್ಲಿ ಇರಲಿ. ಕ್ಲೇಮ್ ಹಾಕಬೇಕಾದವರು ಮನೆಯಲ್ಲಿರುವವರೇ.

ಉಮ್ರಾ ವೀಸಾದ ಜತೆಗೇ ಸೌದಿಯ ತುರ್ತು ವಿಮೆ ಬರುತ್ತದೆ. ವಯಸ್ಸಾದವರಾದರೆ ಅದರ ಮೇಲೆ ನಮ್ಮ ದೇಶದ ಒಂದು ಸಣ್ಣ ಪಾಲಿಸಿಯೂ ಇರಲಿ ಅನ್ನುವುದು ನನ್ನ ಮಾತು.

ಕ್ರೆಡಿಟ್ ಕಾರ್ಡ್, ಟಿಕೆಟ್ ಜತೆಯ ಟಿಕ್, ಟೂರ್ ಪ್ಯಾಕೇಜ್

"ನನ್ನ ಕಾರ್ಡಲ್ಲೇ ಒಂದು ಕೋಟಿ ಇನ್ಶೂರೆನ್ಸ್ ಇದೆ" ಅನ್ನುವವರು ಸಿಗುತ್ತಾರೆ. ಆ ಕೋಟಿ ಸಾಮಾನ್ಯವಾಗಿ ವಿಮಾನ ಬಿದ್ದು ಸತ್ತರೆ ಕೊಡುವುದು. ಟಿಕೆಟ್ಟನ್ನೂ ಅದೇ ಕಾರ್ಡಿನಲ್ಲಿ ಕೊಂಡಿರಬೇಕು. ಜ್ವರ ಬಂದು ಆಸ್ಪತ್ರೆ ಸೇರಿದರೆ ಅದರಿಂದ ಏನೂ ಬರುವುದಿಲ್ಲ, ಬಂದರೂ ಚಿಲ್ಲರೆ.

ರೈಲು ಟಿಕೆಟ್ ಮಾಡುವಾಗ ಐಆರ್‌ಸಿಟಿಸಿಯಲ್ಲಿ 45 ಪೈಸೆ ವಿಮೆಗೆ ಟಿಕ್ ಮಾಡುತ್ತೇವಲ್ಲ, ಅದೇ ರೂಢಿಯಲ್ಲಿ ವಿಮಾನದ ವೆಬ್‌ಸೈಟಿನಲ್ಲೂ ಟಿಕ್ ಮಾಡಿಬಿಡುತ್ತೇವೆ. ರೈಲಿನದ್ದು ರೈಲು ಅಪಘಾತಕ್ಕೆ ಮಾತ್ರ ಅಂತ ನಮಗೆ ಗೊತ್ತು. ವಿಮಾನದ್ದು ಏನೇನಕ್ಕೆ ಅಂತ ನೋಡುವುದಿಲ್ಲ. ಕೆಲವದರಲ್ಲಿ ಚಿಕಿತ್ಸೆ ಭಾಗವೇ ಇರುವುದಿಲ್ಲ. ಟೂರ್ ಪ್ಯಾಕೇಜಿನವರು "ಇನ್ಶೂರೆನ್ಸ್ ಇನ್‌ಕ್ಲೂಡೆಡ್" ಅಂದರೆ ಪಾಲಿಸಿ ಕಾಪಿ ಕೇಳಿ, ವಯಸ್ಸಿನ ಮಿತಿ ನೋಡಿ. ವರ್ಷಕ್ಕೆ ನಾಲ್ಕೈದು ಸಲ ಹೋಗುವ ವ್ಯಾಪಾರಸ್ಥರಿಗೆ ಮಲ್ಟಿ-ಟ್ರಿಪ್ ಲಾಭ. ಆದರೆ ಅದರಲ್ಲಿ ಒಂದೊಂದು ಪ್ರವಾಸಕ್ಕೂ 30, 45 ಅಥವಾ 60 ದಿನ ಅಂತ ಕಟ್ಟು ಇರುತ್ತದೆ.

ಬ್ಯಾಗು ಬರಲಿಲ್ಲ ಅಂದರೆ

ಬೆಲ್ಟಿನ ಮೇಲೆ ಎಲ್ಲರ ಬ್ಯಾಗು ಬಂತು, ನಮ್ಮದು ಬರಲಿಲ್ಲ. ಅಮ್ಮನಿಗೆ ಇದೂ ಆಯಿತು. ಚಟ್ನಿಪುಡಿ, ಬಾಣಂತಿಗೆ ಅಂತ ಮಾಡಿಸಿದ ಅಂಟಿನುಂಡೆ ಎಲ್ಲ ಆ ಬ್ಯಾಗಲ್ಲೇ. ಎರಡು ದಿನ ಆದಮೇಲೆ ಬಂತು.

ಏರ್‌ಪೋರ್ಟ್ ಬಿಡುವ ಮುಂಚೆಯೇ ಏರ್‌ಲೈನ್ ಕೌಂಟರಿನಲ್ಲಿ ಪಿಐಆರ್ ಅನ್ನುವ ರಿಪೋರ್ಟ್ ಬರೆಸಿ, ಪ್ರತಿ ತಗೊಳ್ಳಿ. ಅದಿಲ್ಲದೆ ಇನ್ಶೂರೆನ್ಸೂ ಇಲ್ಲ, ಏರ್‌ಲೈನೂ ಇಲ್ಲ. ಪಾಲಿಸಿಯಲ್ಲಿ ಇಷ್ಟು ಗಂಟೆ ತಡ ಆದಮೇಲೆ ಅಂತ ಇರುತ್ತದೆ. ಆ ನಡುವೆ ಕೊಂಡ ಬಟ್ಟೆ, ಬ್ರಷ್ಷಿನ ರಸೀದಿ ಇಟ್ಟುಕೊಳ್ಳಬೇಕು. ವಾಪಸ್ ಊರಿಗೆ ಬರುವಾಗ ತಡ ಆದರೆ ಬಹಳ ಪಾಲಿಸಿಗಳು ಕೊಡುವುದಿಲ್ಲ, ಮನೆಯಲ್ಲಿ ಬಟ್ಟೆ ಇದೆಯಲ್ಲ ಅನ್ನುವ ಲೆಕ್ಕ.

ಇದರ ಹೊರತಾಗಿ ಏರ್‌ಲೈನ್‌ಗೂ ಹೊಣೆ ಇದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ 2009ರಲ್ಲಿ ಭಾರತವೂ ಸೇರಿತು. ಬ್ಯಾಗು ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ತನಕ ಮಿತಿ, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಅದು ಮೇಲಿನ ಮಿತಿ, ನಿಜವಾಗಿ ಆದ ನಷ್ಟವನ್ನು ತೋರಿಸಬೇಕು. ಚಿನ್ನ, ದುಡ್ಡನ್ನು ಯಾವ ಕಾರಣಕ್ಕೂ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಡಿ. ಪಾಲಿಸಿಗಳೂ ಅವನ್ನು ಹೊರಗಿಡುತ್ತವೆ.

ಕ್ಲೇಮ್ ಹಾಕುವಾಗ

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಪಾಲಿಸಿಯ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಅಡ್ಮಿಟ್ ಆದರೆ ಕ್ಯಾಶ್‌ಲೆಸ್ (ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಸಿಗುವುದು ಹೀಗೆ ತಿಳಿಸಿದಾಗ ಮಾತ್ರ. ಹೆಲ್ಪ್‌ಲೈನ್‌ನಲ್ಲಿ ಮಾತಾಡಿದವರ ಹೆಸರು, ಸಮಯ, ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಮಾವನವರ ಪರ್ಸಿನಲ್ಲಿ ನಾನು ಆ ನಂಬರನ್ನು ದೊಡ್ಡದಾಗಿ ಬರೆದ ಚೀಟಿ ಇಟ್ಟೆ, ಕೆಳಗೆ ಅವರ ಮಾತ್ರೆಗಳ ಹೆಸರು. ಫೋನ್ ಚಾರ್ಜ್ ಹೋದರೂ ಚೀಟಿ ಇರುತ್ತದೆ. ಜ್ವರ, ಹೊಟ್ಟೆನೋವಿನಂಥದ್ದಕ್ಕೆ ಅಮೆರಿಕದಲ್ಲಿ ಎಮರ್ಜೆನ್ಸಿಗೆ ಓಡದೆ ಅರ್ಜೆಂಟ್ ಕೇರ್ ಅನ್ನುವ ಕ್ಲಿನಿಕ್ಕಿಗೆ ಹೋಗಿ, ಬಿಲ್ಲು ಎಷ್ಟೋ ಕಡಿಮೆ. ಎದೆನೋವು ಬಂದರೆ ಮಾತ್ರ ಯೋಚನೆ ಮಾಡಬೇಡಿ, ನೇರ ಎಮರ್ಜೆನ್ಸಿಗೇ ಹೋಗಿ.

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಪ್ರಯಾಣ ಮಾಡಿದ್ದಕ್ಕೆ ಪಾಸ್‌ಪೋರ್ಟಿನ ಸೀಲು ಕೇಳುತ್ತಾರೆ. ಆದರೆ ಯುರೋಪಿನಲ್ಲಿ 2025ರ ಅಕ್ಟೋಬರ್‌ನಿಂದ ಸೀಲಿನ ಬದಲು ಕಂಪ್ಯೂಟರಿನಲ್ಲೇ ದಾಖಲು ಮಾಡುವ ಪದ್ಧತಿ ಶುರುವಾಗಿದೆ. ಆಗ ನಿಮ್ಮ ಕೈಯಲ್ಲಿ ಇರುವ ಸಾಕ್ಷಿ ಆ ಪಾಸೇ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಕರ್ನಾಟಕಕ್ಕೆಲ್ಲ ಕಚೇರಿ ಬೆಂಗಳೂರಿನಲ್ಲಿದೆ, ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಫೀಸಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿ ತನಕದ ವಿಷಯ ನೋಡುತ್ತಾರೆ. ಕಂಪನಿ ಕೊಡಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು.

ಅಮ್ಮನ ವಿಷಯದಲ್ಲಿ ನಾವು ಹೋಗಲಿಲ್ಲ. ತಂಗಿ ಅಲ್ಲಿ ಆಸ್ಪತ್ರೆಯ ಬಿಲ್ಲಿಂಗ್‌ನವರ ಜತೆ ನಾಲ್ಕು ಸಲ ಮಾತಾಡಿ ಮೊತ್ತ ಇಳಿಸಿ, ಕಂತಿನಲ್ಲಿ ಕಟ್ಟಿದಳು. ನನಗೆ ಓಂಬುಡ್ಸ್‌ಮನ್ ವಿಷಯ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ಒಂದು ಸಿಟ್ಟಿನಲ್ಲಿ ಹಳೆಯ ಪಿಡಿಎಫ್ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ, "ಮೇಲಿನ ಮಾಹಿತಿ ಸರಿಯಾಗಿದೆ ಎಂದು ಓಟಿಪಿ ಮೂಲಕ ದೃಢಪಡಿಸಲಾಗಿದೆ" ಅನ್ನುವ ಅರ್ಥದ ಒಂದು ಸಾಲು. ಪಕ್ಕದಲ್ಲಿ ನನ್ನ ಮೊಬೈಲ್ ನಂಬರ್, ದಿನಾಂಕ, ಸಮಯ. ಭಾನುವಾರ, ಬೆಳಿಗ್ಗೆ 9 ಗಂಟೆ 12 ನಿಮಿಷ.